ಹವಾಲ್ದಾರ್ ಮಾವನಿಗೆ ನನ್ನ ಮೊದಲ ಆರ್ಡರ್

ಮಾರಾಯ್ರೆ, ನರ್ಸಿಂಗ್ ಮುಗಿಸಿದ ನಾನು ಮಿಲಿಟರಿ ಆಸ್ಪತ್ರೆ ನರ್ಸ್ ಆಗಿ ಸೆಲೆಕ್ಟ್ ಆದೆ ಅಂತ ಮೊನ್ನೆ ಹಾಕಿದ್ನಲ್ಲ. ಹೊರಡ್ಲಿಕ್ಕೆ ಇನ್ನೂ ಹದಿನೈದು ದಿನ ಇದೆ. ಪೇಶೆಂಟ್ ಮಾತ್ರ ಇವತ್ತೇ ಸಿಕ್ಕಿದ್ರು, ಇಲ್ಲೇ ನಮ್ಮೂರು ಭಂಡಿಗಡಿಯಲ್ಲಿ.

ಪಕ್ಕದ ಮನೆ ಶೇಷಪ್ಪ ಮಾವ ರಿಟೈರ್ಡ್ ಹವಾಲ್ದಾರ್. ನಿನ್ನೆ ತುಕ್ಕು ಹಿಡಿದ ಮೊಳೆ ತುಳಿದಿದ್ದಾರೆ. ಟಿಟಿ ಇಂಜೆಕ್ಷನ್ ತಗೊಳ್ಳಿ ಅಂದ್ರೆ, "ಗುಂಡಿಗೇ ಹೆದರದವ ನಾನು, ಮೊಳೆ ಎಂತ ಮಾಡ್ತದೆ" ಅಂತ ಕಾಲಿಗೆ ಅರಿಶಿನ ಮೆತ್ಕೊಂಡು ಕುಂಟ್ತಾ ಇದ್ರು. ಅಸಲಿಗೆ ಅವರಿಗೆ ಸೂಜಿ ಕಂಡ್ರೆ ಆಗಲ್ಲ.

ಬೆಳಿಗ್ಗೆ ನಂಗೆ ಸೆಲ್ಯೂಟ್ ಕಲಿಸ್ಲಿಕ್ಕೆ ಅಂತ ಅವರೇ ಬಂದ್ರು.

"ಬೆನ್ನು ನೆಟ್ಟಗೆ. ಗಲ್ಲ ಮೇಲೆ. ಅಂದ ಹಾಗೆ ನಿಂಗೆ ರ‍್ಯಾಂಕ್ ಎಂತ ಕೊಡ್ತಾರೆ?"

"ಲೆಫ್ಟಿನೆಂಟ್, ಮಾವ. ಆಫೀಸರ್ ರ‍್ಯಾಂಕ್."

ಮಾವ ಕೈಲಿದ್ದ ಚಾ ಲೋಟ ಕೆಳಗಿಟ್ಟು, ಕುಂಟೋ ಕಾಲನ್ನೂ ಜೋಡಿಸಿ, ನಂಗೇ ಸೆಲ್ಯೂಟ್ ಹೊಡೆದ್ರು. ನಾನು ನೈಟಿಯಲ್ಲಿದ್ದೆ. ಆದ್ರೂ ಸಿಕ್ಕಿದ ಅವಕಾಶ ಬಿಡ್ಲಿಲ್ಲ.

"ಹವಾಲ್ದಾರ್, ಆಟೋ ಹತ್ತಿ. ಕೊಪ್ಪಕ್ಕೆ ಹೋಗಿ ಇಂಜೆಕ್ಷನ್."

"ಜೀ ಮೇಡಂ" ಅಂದವರೇ ಹೊರಟ್ರು. ಆಸ್ಪತ್ರೆಯಲ್ಲಿ ಕಣ್ಣು ಗಟ್ಟಿಯಾಗಿ ಮುಚ್ಕೊಂಡು, ಅಟೆನ್ಷನ್‌ನಲ್ಲೇ ನಿಂತು ಚುಚ್ಚಿಸ್ಕೊಂಡ್ರು.

ಸಂಜೆ ಅವರ ಹೆಂಡತಿ ಸುಶೀಲತ್ತೆ ಬಂದು ನನ್ನ ಹತ್ರ ಮೆಲ್ಲಗೆ ಕೇಳಿದ್ರು, "ಕೂಸೇ, ನಲವತ್ತು ವರ್ಷದಲ್ಲಿ ನಾ ಹೇಳಿದ ಒಂದು ಮಾತೂ ಇವ್ರು ಕೇಳಿಲ್ಲ. ಆ ಲೆಫ್ಟಿನೆಂಟ್ ಪರೀಕ್ಷೆ ನಾನೂ ಬರೀಬಹುದಾ?"

ವಯಸ್ಸಿನ ಮಿತಿ ಇದೆ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಫಾರ್ಮ್ ತಂದು ಕೊಡ್ತೀನಿ ಅಂದಿದ್ದೀನಿ.