ಹೊಸ್ತಿಲ ಮೇಲೆ ಹಾಸಿದ ಕೌದಿ

‘ನಾನು’ ಎಂಬ ನಿತ್ಯವಸ್ತು ಎಲ್ಲಿಯೂ ಇಲ್ಲವೆನ್ನುವ ಬೌದ್ಧರ ಅನಾತ್ಮವಾದವನ್ನು ನಮ್ಮ ಭಾಗದ ವಿದ್ಯಾರ್ಥಿಗಳಿಗೆ ತಿಳಿಗನ್ನಡದಲ್ಲಿ ಮನಗಾಣಿಸಿದವರಲ್ಲಿ ಪ್ರಾಧ್ಯಾಪಕ ವ್ಯಂಕಟೇಶರಾವ ಕರಜಗಿಯವರು ಅಗ್ರಗಣ್ಯರು. ಆತ್ಮವನ್ನು ಬಿಡಲೊಲ್ಲದ ಆಳಂದದ ಮೊಂಡನಾದ ನಾನು ಅವರೊಡನೆ ಜೀವನವಿಡೀ ಜಗಳವಾಡಿದ್ದೇನೆ. ಇಲ್ಲದ ‘ನಾನು’ವಿಗೆ ನಿವೃತ್ತಿ ಹೇಗೆ ಬಂತೆಂದು ಮೊನ್ನೆ ಕೇಳಿದೆ, ನಕ್ಕುಬಿಟ್ಟರು.

ನಿಜಾಮಶಾಹಿಯ ಕೊನೆಯ ದಿನಗಳಲ್ಲಿ ನಾವಿಬ್ಬರೂ ಜೇವರ್ಗಿ ಕಡೆಯ ಹಳ್ಳಿಯೊಂದರಲ್ಲಿ ಮಾಸ್ತರರಾಗಿ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ನಾನು ಜ್ವರದಿಂದ ಮಲಗಿದಾಗ ಗಂಜಿ ಕಾಸಿ ಕುಡಿಸಿದವರು ಅವರೇ. ಸಂಜೆ ಕಟ್ಟೆಗೆ ಬಂದ ರೈತರ ಮುಂದೆ ಕೌದಿಯೊಂದನ್ನು ಹಾಸಿ, ಈ ತುಂಡುಗಳನ್ನೆಲ್ಲ ಬಿಚ್ಚಿಟ್ಟರೆ ಕೌದಿ ಎಲ್ಲಿ ಉಳಿಯಿತೆಂದು ಕೇಳುತ್ತಿದ್ದರು. ಮನೆಮನೆಯವರು ಕೊಟ್ಟ ಹಳೆಯ ಸೀರೆಗಳಿಂದ ಅದನ್ನು ಹೊಲಿದವರು ಉರ್ದು ಮಾಸ್ತರ ಶರಫುದ್ದೀನರ ತಾಯಿ ಹುಸೇನಬೀ.

ಆ ವರ್ಷ ನಿಜಾಮನ ಪರವಾದ ರಜಾಕಾರರು ಊರಿಗೆ ನುಗ್ಗಿ, ಕಟ್ಟೆಗೆ ತಪ್ಪದೆ ಬರುತ್ತಿದ್ದ ರೈತ ಚಂದ್ರಾಮಪ್ಪನ ತಮ್ಮನನ್ನು ಕೊಂದರು. ಶರಫುದ್ದೀನರು ಆ ದಾಳಿಯಲ್ಲಿರಲಿಲ್ಲ. ಆದರೆ ಹೆದರಿ ಒಮ್ಮೆ ರಜಾಕಾರರ ಕವಾಯತಿನಲ್ಲಿ ಖಾಕಿ ಅಂಗಿ ತೊಟ್ಟು ನಿಂತದ್ದನ್ನು ಊರೆಲ್ಲ ಕಂಡಿತ್ತು. ೧೯೪೮ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿದದ್ದೇ ತಡ, ಸೇಡಿನ ಸರದಿ ಸುರುವಾಯಿತು. ಒಂದು ಮಧ್ಯಾಹ್ನ ಶರಫುದ್ದೀನರು ನಮ್ಮ ಮನೆಗೆ ಓಡಿಬಂದರು. ಅವರ ಬೆನ್ನಿಗೇ ಗುಂಪು ಕಟ್ಟಿಕೊಂಡು, ಕೊಡಲಿ ಹಿಡಿದು ಚಂದ್ರಾಮಪ್ಪ ಬಂದ.

ವ್ಯಂಕಟೇಶರಾಯರು ಹೊಸ್ತಿಲಿಗೆ ಅದೇ ಕೌದಿ ಹಾಸಿ ಕುಳಿತುಬಿಟ್ಟರು. ನಾನು ಒಳಗೆ ಶರಫುದ್ದೀನರ ತೋಳು ಹಿಡಿದು ನಿಂತಿದ್ದೆ.

“ಒಳಗ ಅದಾನೇನ್ರಿ ಮಾಸ್ತರ?”

“ಅದಾನಪ್ಪ.”

ಸುಳ್ಳು ಹೇಳಲು ಬಾರದ ಈ ಮನುಷ್ಯ ನಮ್ಮ ಮೂವರನ್ನೂ ಕೊಲ್ಲಿಸುತ್ತಾನೆಂದು ನನಗೆ ಸಿಟ್ಟು ಬಂತು.

ಚಂದ್ರಾಮಪ್ಪ ಕೊಡಲಿ ಎತ್ತಿದ. “ನಾನು ಅನ್ನೋದ ಇಲ್ಲಂತ ನೀವ ಹೇಳೀರಿ. ಹಂಗಾದ್ರ ಕಡದ್ರ ಯಾರ್ನ ಕಡದಂಗಾತ್ರಿ? ಬಾಜೂಕ ಸರೀರಿ!”

“ನಾನು ಇಲ್ಲಂತ ಹೇಳೀನಿ, ಚಂದ್ರಾಮಪ್ಪ. ನೋವು ಇಲ್ಲಂತ ಯಾವತ್ತರೆ ಹೇಳೀನೇನು? ನಿನ್ನ ತಮ್ಮ ಹೋದಾಗಿಂದ ನಿನ್ನ ಮನ್ಯಾಗ ಆ ನೋವು ಐತಿ. ಅದನ್ನ ಹುಸೇನಬೀ ಮನಿಗೂ ಒಯ್ಯಾಕತ್ತಿಯೇನು?”

ಒಳಗೆ ಹೋಗಬೇಕೆಂದರೆ ಕೌದಿಯನ್ನು ತುಳಿಯಬೇಕಿತ್ತು. ಚಂದ್ರಾಮಪ್ಪ ಕೆಳಗೆ ನೋಡಿದ. ಅವನ ಕಾಲ ಬಳಿಯೇ ಕೆಂಪಂಚಿನ ಹಸಿರು ತುಂಡೊಂದಿತ್ತು.

“ನಮ್ಮವ್ವನ ಸೀರಿ ಇದು,” ಎಂದ. ಕೊಡಲಿ ಇಳಿಸಿ, ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು, ತಮ್ಮನ ಹೆಸರು ಹಿಡಿದು ಗಳಗಳನೆ ಅತ್ತ. ಗುಂಪು ಒಬ್ಬೊಬ್ಬರಾಗಿ ಕರಗಿತು.

ಮುಂದೆ ರಾಯರು ಕಾಲೇಜು ಸೇರಿದರು, ಹೆಸರು ಗಳಿಸಿದರು; ಅದೆಲ್ಲವನ್ನೂ ಅವರ ಈ ಅಭಿನಂದನ ಸಂಪುಟದಲ್ಲಿ ಬೇರೆಯವರು ಬರೆದಿದ್ದಾರೆ. ಸನ್ಮಾನದ ದಿನ ಶಾಲು ತರಬೇಡಿರೆಂದು ಶರಫುದ್ದೀನರು ಹೇಳಿಕಳಿಸಿದ್ದಾರೆ. ಆ ಕೌದಿಯನ್ನು ಅವರೂ ಚಂದ್ರಾಮಪ್ಪನೂ ಕೂಡಿ ಹೊದಿಸುವರಂತೆ. ‘ನಾನು’ ಇಲ್ಲವೆಂದು ವ್ಯಂಕಟೇಶರಾಯರು ಇನ್ನೂ ಬಹುಕಾಲ ಬರೆಯುತ್ತಿರಲಿ, ಗಟ್ಟಿಯಾಗಿ ವಾದಿಸುತ್ತಿರಲಿ. ಆ ಮಧ್ಯಾಹ್ನ ಹೊಸ್ತಿಲಲ್ಲಿ ಯಾರೂ ಇರಲಿಲ್ಲವೆಂದು ಮಾತ್ರ ನಾನು ಸಾಯುವವರೆಗೂ ಒಪ್ಪುವುದಿಲ್ಲ.