ಸೀಸೆಗೆ ಹಿಡಿಯದ ಔಷಧಿ

1946ರ ಮಾರ್ಚ್ 11, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ದೊಡ್ಡಬಳ್ಳಾಪುರದಲ್ಲಿ ನನ್ನ ಅಕ್ಕನನ್ನು ಪರೀಕ್ಷಿಸಿದ ಡಾಕ್ಟರಮ್ಮ, ಗರ್ಭಕೋಶದ ಒಳಪದರ ಹೊರಗಡೆಯೂ ಬೆಳೆದಿರಬೇಕು ಎಂದರು. ಮುಟ್ಟಿನ ನೋವಿಗೂ ಮಕ್ಕಳಾಗದಿರುವುದಕ್ಕೂ ಅದೇ ಕಾರಣವಂತೆ. ಔಷಧಿಗೆಂದು ಮನೆಯಿಂದ ತಂದಿದ್ದ ಸೀಸೆಯನ್ನು ಅಕ್ಕ ಮುಂದೆ ಚಾಚಿದಳು.

"ಸೀಸೆ ಬೇಡಮ್ಮ. ಒಂದು ಮಗುವಾದರೆ ನೋವು ತಾನಾಗಿ ನಿಲ್ಲುತ್ತೆ" ಎಂದರು ಡಾಕ್ಟರಮ್ಮ.

ಅಕ್ಕ ನಕ್ಕುಬಿಟ್ಟಳು. "ನಮ್ಮತ್ತೇನೂ ಇದೇ ಔಷಧಿ ಹೇಳ್ತಾರೆ ಡಾಕ್ಟ್ರಮ್ಮಾ. ಅದು ಸಿಗೋ ಅಂಗಡಿ ಯಾವ್ದು ಅಂತ ನೀವಾದ್ರೂ ಹೇಳಿ."

ಖಾಲಿ ಸೀಸೆಯೊಂದಿಗೆ ಹತ್ತಿರದಲ್ಲೇ ಇರುವ ಅಕ್ಕನ ಗಂಡನ ಊರು ಮಧುರೆಗೆ ಮರಳಿದೆವು. ಡಾಕ್ಟರಮ್ಮನ ಮಾತು ಕೇಳಿ ಅಕ್ಕನ ಅತ್ತೆ, "ನಾನ್ ಹೇಳಿರ್ಲಿಲ್ವೇ?" ಎಂದು ಬೀಗಿದರು.

ಯುಗಾದಿ ಕಳೆದ ಮೇಲೆ ಭಾವನಿಗೆ ಎರಡನೇ ಮದುವೆಯೆಂದು ಅವರು ನಿಶ್ಚಯಿಸಿದ್ದಾರೆ. ಈ ಕಾಯಿಲೆಗೆ ಮಗುವಲ್ಲದೆ ಬೇರೆ ಮದ್ದು ಬಲ್ಲವರಿದ್ದರೆ, ಹಬ್ಬಕ್ಕೆ ಮುಂಚೆಯೇ ಬರೆದು ತಿಳಿಸಿ.