ಗ್ಲೌಸ್ ಹಾಕಿಕೊಂಡು ಹೋದ ಮನೆ

ಆಗ ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಮೇಲೆ ಸಂಶೋಧನೆ ಮಾಡುವುದು ನನ್ನ ಕೆಲಸ. ಅದು ಗೊತ್ತಾದ ಮೇಲೆ ಮನೆಯೊಡತಿ ಹಬ್ಬದ ಪಾಯಸವನ್ನು ನನ್ನ ಕೈಗೆ ಕೊಡುವುದನ್ನು ಬಿಟ್ಟು, ಲೋಟ ಮೆಟ್ಟಿಲ ಮೇಲಿಟ್ಟು ಕೂಗಿ ಹೋಗುತ್ತಿದ್ದರು. ಲ್ಯಾಬಿನಲ್ಲೂ ಮಾತಿಗೆ ಯಾರೂ ಇರಲಿಲ್ಲ. ಜೊತೆಗಿದ್ದವಳು ಕೆಲಸ ಬಿಟ್ಟು ಹೋಗಿದ್ದಳು. ಅವಳ ಕುರ್ಚಿಯ ಮೇಲೆ ನಾನು ಬ್ಯಾಗ್ ಇಡುತ್ತಿದ್ದೆ.

ರೋಗಿಗಳ ಕೀವಿನಲ್ಲಿರುವ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ, ಅದರ ಮೇಲೆ ಬೇರೆ ಬೇರೆ ಔಷಧ ಹೀರಿದ ಕಾಗದದ ಪುಟ್ಟ ಬಿಲ್ಲೆಗಳನ್ನು ಇಡುತ್ತೇವೆ. ಮರುದಿನ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಮೂಡಿದ್ದರೆ ಆ ಔಷಧ ಕೆಲಸ ಮಾಡುತ್ತದೆ. ಒಂದು ಬೆಳಿಗ್ಗೆ ತೆಗೆದ ತಟ್ಟೆಯಲ್ಲಿ ಒಂದೂ ಉಂಗುರವಿರಲಿಲ್ಲ. ಇನ್ನೊಮ್ಮೆ ಮಾಡಿದೆ. ಹಾಗೆಯೇ ಬಂತು. ಹೇಳಲು ನಾಚಿಕೆಯಾಗುತ್ತದೆ, ಮೊದಲು ನನಗಾದದ್ದು ಖುಷಿ. ಇಂಥದ್ದೊಂದು ನನ್ನ ಕೈಗೆ ಸಿಕ್ಕಿತಲ್ಲ ಎಂದು. ಡಾಕ್ಟರಿಗೆ ಫೋನ್ ಮಾಡಿದ್ದು ಆಮೇಲೆ.

ಆ ಕೀವು ಭದ್ರಾವತಿಯ ಒಬ್ಬ ಹೆಂಗಸಿನ ಕಾಲಿನ ಗಾಯದ್ದು. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಜಗಲಿಯಲ್ಲೇ ಇಡ್ಲಿ ಮಾಡಿ ಮಾರುತ್ತಿದ್ದವರು. ಇಡ್ಲಿ ಪಾತ್ರೆಯ ಕುದಿನೀರು ಪಾದದ ಮೇಲೆ ಚೆಲ್ಲಿತ್ತು; ಸಕ್ಕರೆ ಕಾಯಿಲೆ ಬೇರೆ ಇತ್ತು. ಕೊನೆಗೆ ಡಾಕ್ಟರು, ಮೂತ್ರಪಿಂಡಕ್ಕೆ ಅಪಾಯವಿದ್ದರೂ, ನಮ್ಮ ಬಿಲ್ಲೆಗಳಲ್ಲಿ ಇಲ್ಲದ ಒಂದು ಹಳೆಯ ಇಂಜೆಕ್ಷನ್ ಕೊಟ್ಟರು. ಅದಕ್ಕೆ ಬ್ಯಾಕ್ಟೀರಿಯಾ ಬಗ್ಗಿತು. ಎರಡು ಬೆರಳು ಹೋದವು, ಕಾಲು ಉಳಿಯಿತು.

ಆ ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ನಮ್ಮ ಅಧ್ಯಯನಕ್ಕಾಗಿ ಹದಿನೈದು ದಿನಕ್ಕೊಮ್ಮೆ ಹೋಗಿ ಗಾಯ, ಕೈ, ನಲ್ಲಿ ನೀರಿನ ಮಾದರಿ ತರುವುದು ನನ್ನ ಪಾಲಿಗೆ ಬಂತು. ಐಸ್ ಪೆಟ್ಟಿಗೆ ಹಿಡಿದು ಬಸ್ಸಿಳಿದು, ಬೀದಿಯಲ್ಲೇ ಮಾಸ್ಕ್, ಗ್ಲೌಸ್, ಬಿಳಿ ಕೋಟು ಹಾಕಿಕೊಳ್ಳುತ್ತಿದ್ದೆ. ಆಸ್ಪತ್ರೆಗೆ ಸೇರುವ ಮೊದಲು ಮಾತ್ರೆ ಹೇಗೆ ತೆಗೆದುಕೊಂಡಿರಿ ಎಂದು ಕೇಳಿದ್ದಕ್ಕೆ ಅವರು ನಕ್ಕರು.

"ಎರಡು ದಿನ ನುಂಗ್ದೆ, ನೋವು ಹೋಯ್ತು, ಬಿಟ್ಟೆ. ಮತ್ತೆ ಬಂತು, ಮತ್ತೆ ಮೆಡಿಕಲ್ ಶಾಪಿಂದ ಅದನ್ನೇ ತಂದೆ. ಡಾಕ್ಟರ್ ಚೀಟಿ ಯಾರ್ ಕೇಳ್ತಾರೆ? ಅದಿರ್ಲಿ ಕಣ್ಣು, ನೀನು ತಿಂಡಿ ತಿಂದ್ಯಾ?"

ಅವರ ಮನೆಮಾತು ತಮಿಳು. ಮುದ್ದಿಗೆ ಎಲ್ಲರನ್ನೂ ಕಣ್ಣು ಅನ್ನುತ್ತಿದ್ದರು. ತಿಂಡಿ ತಿಂದ್ಯಾ ಎಂದು ನನ್ನನ್ನು ಯಾರಾದರೂ ಕೇಳಿ ಎಷ್ಟು ತಿಂಗಳಾಗಿತ್ತೋ. ರೋಗಿಯ ಮನೆಯಲ್ಲಿ ತಿನ್ನಬಾರದೆಂಬ ನಿಯಮವಿತ್ತು. ಗ್ಲೌಸ್ ಬಿಚ್ಚಿ, ಸೋಪು ಹಚ್ಚಿ ಕೈ ತೊಳೆದು ತಿಂದೆ. ಹಬೆಯಲ್ಲಿ ಬೆಂದ ಇಡ್ಲಿಯಲ್ಲಿ ಆ ಬ್ಯಾಕ್ಟೀರಿಯಾ ಬದುಕುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಹದಿನೈದು ದಿನ ಎಣಿಸುವುದೇ ನನ್ನ ಅಭ್ಯಾಸವಾಯಿತು.

ಮೂರನೇ ಸಲ ಹೋಗಿ ವಾಪಸ್ ಹೊರಟಾಗ ಎದುರು ಮನೆಯಾಕೆ ಗೇಟಿನಲ್ಲಿ ತಡೆದು ಕೇಳಿದರು. "ಮೇಡಂ, ಅವ್ರಿಗೆ ಏನ್ ಕಾಯಿಲೆ? ಮುಟ್ಟಿದ್ರೆ ಬರುತ್ತಾ?"

ರೋಗಿಯ ವಿಷಯ ಹೊರಗೆ ಆಡುವಂತಿಲ್ಲ. "ಅದನ್ನ ಹೇಳೋ ಹಾಗಿಲ್ಲಮ್ಮ" ಎಂದು ಹೇಳಿ ಬಸ್ಸಿಗೆ ಓಡಿದೆ. ಸರಿಯಾದ ಮಾತನ್ನೇ ಆಡಿದೆ ಅಂದುಕೊಂಡಿದ್ದೆ.

ನಾಲ್ಕನೇ ಸಲ ಹೋದಾಗ ಜಗಲಿಯಲ್ಲಿ ಯಾರೂ ಇರಲಿಲ್ಲ. ಇಡ್ಲಿ ಪಾತ್ರೆ ಮಗುಚಿ ಇಟ್ಟಿತ್ತು. ಅವರು ಕಾಲು ಚಾಚಿ ಕೂತಿದ್ದರು. ಗಾಯ ಚೆನ್ನಾಗಿ ಕೂಡಿತ್ತು.

"ಯಾಕಮ್ಮ, ಇವತ್ತು ಇಡ್ಲಿ ಇಲ್ವಾ?"

"ತಗೊಳ್ಳೋರು ಬೇಕಲ್ಲ. ನೀನು ಹಿಂಗೆ ಗ್ಲೌಸ್ ಹಾಕ್ಕೊಂಡು ಬರ್ತೀಯ, ನೀರನ್ನೂ ಬಾಟ್ಲಲ್ಲಿ ತುಂಬ್ಕೊಂಡು ಹೋಗ್ತೀಯ. ಏನೋ ದೊಡ್ಡ ರೋಗ ಅಂತ ಬೀದಿಯೆಲ್ಲ ಮಾತು."

ಹೋಗಿ ಎಲ್ಲರಿಗೂ ತಿಳಿಸಿ ಹೇಳುತ್ತೇನೆ, ಇಲ್ಲೇ ಕೂತು ಅವರೆದುರಿಗೇ ತಿನ್ನುತ್ತೇನೆ ಎಂದೆ. ಅವರು ಅಡ್ಡ ತಲೆಯಾಡಿಸಿದರು.

"ಬೇಡ. ನೀನು ಹೇಳ್ದಷ್ಟೂ ಜಾಸ್ತಿ ಆಗುತ್ತೆ. ಕೋಪ ಇಲ್ಲ ಕಣ್ಣು, ನನ್ ಕಾಲು ಉಳ್ಸಿದ್ದು ನೀವೇ. ಆದ್ರೆ ಇನ್ಮೇಲೆ ಬರ್ಬೇಡ."

ಅಧ್ಯಯನದಿಂದ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಎಂದು ಮೊದಲ ದಿನ ಅವರ ಸಹಿ ಹಾಕಿಸಿಕೊಳ್ಳುವಾಗ ನಾನೇ ಓದಿ ಹೇಳಿದ್ದೆ. ಫಾರಂನಲ್ಲಿ ಅದಕ್ಕೊಂದು ಚೌಕವಿತ್ತು. ಅಲ್ಲೇ ಕೂತು ಟಿಕ್ ಹಾಕಿದೆ. ಆ ದಿನ ಮಾದರಿ ತೆಗೆಯಲಿಲ್ಲ. ಖಾಲಿ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗಕ್ಕೆ ಬಂದೆ. ಕೋಣೆಗೆ ಬಂದ ಮೇಲೂ ಅಡುಗೆ ಮಾಡಲು ಮನಸ್ಸಾಗಲಿಲ್ಲ.

ಆಮೇಲೆ ಬೇರೆ ರೋಗಿಗಳ ಮನೆಗಳಿಗೆ ಕೋಟು ಹಾಕಿಕೊಂಡು ಹೋಗಲಿಲ್ಲ. ಗ್ಲೌಸ್ ಅನ್ನು ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡ ಮೇಲೆ ಹಾಕುತ್ತಿದ್ದೆ. ಪೆಟ್ಟಿಗೆಯನ್ನು ಬಟ್ಟೆಯ ಚೀಲದಲ್ಲಿಟ್ಟೆ. ಸಂಶೋಧನಾ ಪ್ರಬಂಧದಲ್ಲಿ ಇದನ್ನು ಬರೆಯಲು ಜಾಗವಿರಲಿಲ್ಲ. ಆ ಅಮ್ಮ ಅಲ್ಲಿ ಪಟ್ಟಿಯ ಒಂದು ಸಾಲು ಅಷ್ಟೇ, ಮುಂದೆ 'ಹಿಂದೆ ಸರಿದಿದ್ದಾರೆ' ಎಂದಿದೆ.

ಆರೇಳು ತಿಂಗಳ ನಂತರ ಇನ್ನೊಂದು ಮನೆಗೆ ಹೊರಟಿದ್ದಾಗ, ಬಸ್ಸು ಭದ್ರಾವತಿಯ ಆ ಬೀದಿಯ ತಿರುವಿನಲ್ಲಿ ನಿಧಾನವಾಯಿತು. ಜಗಲಿಯ ಮುಂದೆ ಡಬ್ಬಿ ಹಿಡಿದ ಐದಾರು ಜನ ನಿಂತಿದ್ದರು. ಹಬೆಯ ಮಧ್ಯೆ ಆ ಅಮ್ಮನ ಸೆರಗು ಮಾತ್ರ ಕಂಡಿತು. ಇಳಿಯಲು ಎದ್ದೂ ನಿಂತಿದ್ದೆ. ಎದುರು ಮನೆಯಾಕೆ ಕೂಡ ಅಲ್ಲಿದ್ದರು, ನನ್ನ ಗುರುತು ಹಿಡಿಯುತ್ತಾರೆ ಅನ್ನಿಸಿತು.

"ಇಳೀತೀರಾ ಮೇಡಂ?" ಎಂದು ಕಂಡಕ್ಟರ್ ಕೇಳಿದರು.

"ಇಲ್ಲ, ಮುಂದಿನ ಸ್ಟಾಪು" ಎಂದು ಹೇಳಿ ಕೂತೆ.